ಸುಗುಣಳ ಪಕ್ಕದ ಜಾಗ

ಏಪ್ರಿಲ್ 16, 2006. ಈಸ್ಟರ್ ಭಾನುವಾರ

ಈಸ್ಟರ್ ದಿನ ಸಮಾಧಿ ಬರಿದಾಗಿರಬೇಕು. ನನ್ನದು ತುಂಬಿದೆ.

ಮಗಳು ಶಾಂತಳ ಹೆರಿಗೆಗೆಂದು ಕಂಪ್ಲಿಗೆ ಹೋಗಿದ್ದವನು ನಿನ್ನೆ ಸಂಜೆ ಹೊಸಪೇಟೆಗೆ ವಾಪಸಾದೆ. ಬಾಣಂತನಕ್ಕೆ ನನ್ನಿಂದ ಯಾವ ಉಪಯೋಗವೂ ಇಲ್ಲವೆಂದು ಮೊದಲ ದಿನವೇ ತೀರ್ಮಾನವಾಗಿತ್ತು. ಆದರೂ ತಿಂಗಳುಗಟ್ಟಲೆ ಇಟ್ಟುಕೊಂಡು ಊಟ ಹಾಕಿದರು.

ಇವತ್ತು ಬೆಳಗಿನ ಜಾವದ ಆರಾಧನೆ ಎಂದಿನಂತೆ ನಮ್ಮ ಚರ್ಚ್ ಸಭೆಯ ಸ್ಮಶಾನದಲ್ಲಿ. ಎಲ್ಲರೂ ಮೇಣದ ಬತ್ತಿ ಹಿಡಿದು ಪ್ರಭು ಎದ್ದನೆಂದು ಹಾಡುತ್ತಿದ್ದಾಗ ನಾನು ಹೆಂಡತಿ ಸುಗುಣಳ ಸಮಾಧಿಯ ಹತ್ತಿರ ಹೋಗಿ ನಿಂತೆ. ಪಕ್ಕದಲ್ಲಿ ನಾನು ಮುಚ್ಚಿಟ್ಟಿದ್ದ ಕಡಪ ಕಲ್ಲುಗಳು ಇರಲಿಲ್ಲ. ಮಣ್ಣಿನ ದಿಬ್ಬವಿತ್ತು. ಮೇಲೆ ಒಂದು ಮರದ ಶಿಲುಬೆ, ಅದರ ಮೇಲೆ ಹೆಸರಿಲ್ಲ.

ಆ ಗುಂಡಿ ನನ್ನದು. ಅಲ್ಲಿ ಮೊಳದ ಕೆಳಗೆ ಬರೀ ಬಂಡೆ. ಎರಡು ವರ್ಷದ ಹಿಂದೆ ಸುಗುಣ ತೀರಿಕೊಂಡಾಗ ಹಾರೆಯಲ್ಲಿ ತೋಡಿ ಮುಗಿಸುವುದಕ್ಕೆ ಎರಡು ದಿನ ಹಿಡಿಯಿತು. ಅಲ್ಲಿಯವರೆಗೆ ಅವಳನ್ನು ಐಸ್ ಮೇಲೆ ಇಟ್ಟಿದ್ದೆವು. ಬದುಕಿದ್ದಾಗ ಅವಳು ತಣ್ಣೀರಲ್ಲಿ ಕೈ ಸಹ ತೊಳೆಯುತ್ತಿರಲಿಲ್ಲ. ನನಗೆ ಆ ಫಜೀತಿ ಬೇಡವೆಂದು, ಸಂಡೂರಿನ ಗಣಿಯಲ್ಲಿ ಬಂಡೆ ಕೊರೆಯುವ ಕಂಪ್ರೆಸರ್ ನಡೆಸುತ್ತಿದ್ದ ನಮ್ಮ ಸಭೆಯವನೊಬ್ಬನಿಗೆ ಹೇಳಿ, ಅವಳ ಪಕ್ಕದಲ್ಲೇ ನನ್ನ ಅಳತೆಗೆ ಗುಂಡಿ ಕೊರೆಸಿ ಕಲ್ಲು ಮುಚ್ಚಿ ಇಟ್ಟೆ. ಸಭೆಯವರು ನಕ್ಕರು. ಸಕ್ಕರೆ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವನು ನಾನು, ಕೆಲಸವನ್ನು ಮುಂಚೆಯೇ ಮುಗಿಸಿಡುವುದು ರೂಢಿ. ಅವಳ ಇನ್ನೊಂದು ಪಕ್ಕ ಕಾಂಪೌಂಡ್ ಗೋಡೆ, ಗೋಡೆಯಾಚೆ ಅದಿರಿನ ಯಾರ್ಡು. ಇದ್ದದ್ದು ಅದೊಂದೇ ಜಾಗ.

ಪಾಸ್ಟರ್ ಜಯಶೀಲರು ಗದಗದ ಕಡೆಯವರು, ಈ ಊರಿಗೆ ಬಂದು ವರ್ಷವೂ ಆಗಿಲ್ಲ. ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ.

“ಲಾರಿ ಡ್ರೈವರ್ ರೀ. ಸಂಡೂರ ಘಾಟಿನ್ಯಾಗ ಅದಿರಿನ ಲಾರಿ ಪಲ್ಟಿ ಆಗಿ ಸತ್ತ. ವಾರಸುದಾರರು ಯಾರೂ ಬರಲಿಲ್ಲ. ಕೊಳ್ಳಾಗ ಶಿಲುಬಿ ಐತಿ ಅಂತ ಪೊಲೀಸ್ರು ನಮಗ ಹೇಳಿ ಕಳಿಸಿದ್ರು. ಈ ಬಿಸಿಲಾಗ ಹೆಣ ಇಡಾಕ ಆಗತೈತೇನ್ರಿ? ಗಾಳೆಪ್ಪ ಒಂದು ಗುಂಡಿ ತಯಾರ್ ಐತಿ ಅಂದ. ಇಂಥೋರಿಗಂತನ ಸಭಾದೋರು ಇಟ್ಟಿರಬೇಕು ಅನ್ಕೊಂಡೆ. ದೇವರ ಮುಂದಾಲೋಚನಿ ದೊಡ್ಡದು ಅಂತ ಪ್ರಾರ್ಥನಿನೂ ಮಾಡಿದೆ.”

“ಅದು ದೇವರ ಮುಂದಾಲೋಚನಿ ಅಲ್ರಿ, ನಂದು,” ಎಂದೆ.

ಪಾಸ್ಟರ್ ಮುಖ ಬಿಳುಚಿತು. ಆಮೇಲೆ ಎಲ್ಲರಿಗೂ ಚಹಾ, ಬನ್ನು ಹಂಚಿದರು. ಕೋಪದಲ್ಲಿ ನಾನು ಇನ್ನೊಬ್ಬರ ಬನ್ನನ್ನೂ ತಿಂದೆ.

ಏಪ್ರಿಲ್ 17

ಸ್ಮಶಾನ ಕಾಯುವ ಗಾಳೆಪ್ಪನನ್ನು ವಿಚಾರಿಸಿದೆ. ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿದ್ದ.

“ಅದು ನನ್ನ ಗುಂಡಿ ಅಂತ ನಿನಗ ಗೊತ್ತಿರಲಿಲ್ಲೇನಲೇ?”

“ಗೊತ್ತಿತ್ರಿ ಫೋರ್‌ಮನ್ ಸಾಹೇಬ್ರ.”

“ಮತ್ತ?”

“ನೀವು ಇನ್ನಾ ಗಟ್ಟಿ ಅದೀರಿ. ಅವಂಗ ಅರ್ಜೆಂಟ್ ಇತ್ತು.”

ಕಡಪ ಕಲ್ಲುಗಳನ್ನು ಜೋಪಾನವಾಗಿ ಶೆಡ್ಡಿನಲ್ಲಿ ಇಟ್ಟಿದ್ದಾನಂತೆ. ಅದನ್ನು ಉಪಕಾರ ಮಾಡಿದವನ ಹಾಗೆ ಹೇಳಿದ.

ಏಪ್ರಿಲ್ 20

ಸಭೆಯ ಕಮಿಟಿ ಸೇರಿತ್ತು. ಹೆಣ ತೆಗೆಸಿ ಬೇರೆ ಕಡೆ ಹೂಳಬೇಕು ಎಂದೆ. ಸರ್ಕಾರದ ಪರವಾನಗಿ ಬೇಕು ಎಂದರು. ತರುತ್ತೇನೆ ಎಂದೆ. ಸತ್ತವನ ಜೇಬಿನಲ್ಲಿ ಜಪಸರ ಇತ್ತೆಂದು ಪಾಸ್ಟರ್ ಆಗ ಬಾಯಿ ಬಿಟ್ಟರು. ಅಂದರೆ ರೋಮನ್ ಕ್ಯಾಥೊಲಿಕ್. ನಮ್ಮದು ಪ್ರೊಟೆಸ್ಟಂಟರ ಸ್ಮಶಾನ. “ಅದನ್ನ ಅಲ್ಲಿ ಈಗ ಯಾರೂ ಕೇಳಂಗಿಲ್ರಿ ಯಾಕೋಬಪ್ಪನವರ,” ಎಂದರು ಪಾಸ್ಟರ್. ಎಲ್ಲಿ ಎಂದು ನಾನು ಕೇಳಲಿಲ್ಲ.

ನನ್ನದು ಹಟ ಎಂದು ಅವರ ಲೆಕ್ಕ. ಸುಗುಣ ಒಬ್ಬಳೇ ಮಲಗಿದವಳಲ್ಲ. ಕಬ್ಬು ಅರೆಯುವ ಸೀಸನ್ನಿನಲ್ಲಿ ನನಗೆ ರಾತ್ರಿ ಪಾಳಿ ಬಿದ್ದರೆ ಎದುರು ಮನೆಯ ಮರುಳಸಿದ್ದಮ್ಮನನ್ನು ಕರೆದು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದಳು. ಕೊನೆಯ ವಾರ ಆಸ್ಪತ್ರೆಯಲ್ಲಿ ನನ್ನ ಅಂಗಿ ಹಿಡಿದುಕೊಂಡು, “ಅಲ್ಲಿ ನಾ ಒಬ್ಬಾಕಿನ ಆಗ್ತೀನಲ್ರೀ,” ಅಂದಳು. “ಪಕ್ಕದಾಗ ನಾ ಬರ್ತೀನಿ, ಬ್ಯಾರೆ ಯಾರನ್ನೂ ಬಿಡಂಗಿಲ್ಲ,” ಅಂದೆ. ಅವಳಿಗೆ ಕೊಟ್ಟ ಎಷ್ಟೋ ಮಾತು ತಪ್ಪಿದ್ದೇನೆ. ಇನ್ನು ಉಳಿಸಿಕೊಳ್ಳಲು ಸಾಧ್ಯವಿದ್ದದ್ದು ಇದೊಂದು.

ಏಪ್ರಿಲ್ 30

ಇವತ್ತು ಆರಾಧನೆಯಲ್ಲಿ ಪ್ರಸಂಗದ ವಿಷಯ ಕೃಪೆ. ಯೋಗ್ಯತೆ ಇಲ್ಲದವನಿಗೆ, ಕೇಳದೆಯೇ ಸಿಗುವುದು ಕೃಪೆ ಎಂದರು ಪಾಸ್ಟರ್. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಫ್ಯಾನಿನ ಕಡೆ ನೋಡಿದರು. ಒಪ್ಪುತ್ತೇನೆ. ಒಬ್ಬನಿಗೆ ಕೇಳದೆಯೇ ಸಿಕ್ಕಿದೆ. ಅದಕ್ಕೆ ಕಂಪ್ರೆಸರ್ ತರಿಸಿದವನು ನಾನು.

ಮೇ 4

ದಿಬ್ಬದ ಕಾಲ ಬದಿಗೆ ಒಂದು ಕಲ್ಲು ನಿಲ್ಲಿಸಿ ಕಪ್ಪು ಬಣ್ಣದಲ್ಲಿ ‘ಯಾಕೋಬಪ್ಪ, ರಿಟೈರ್ಡ್ ಫೋರ್‌ಮನ್’ ಎಂದು ಬರೆದು ಬಂದೆ. ಹಕ್ಕು ಸಾಧಿಸುವುದಕ್ಕೆ ಇಷ್ಟಾದರೂ ಇರಲಿ.

ಮೇ 14

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆಗೆದರೆ ಕಮಲಾಪುರದ ಕೆಂಚಣ್ಣ, ಬಾಯ್ಲರ್ ಸೆಕ್ಷನ್ನಿನಲ್ಲಿ ನನ್ನ ಕೈಕೆಳಗಿದ್ದವನು, ಸೇವಂತಿಗೆ ಹಾರ ಹಿಡಿದು ನಿಂತಿದ್ದಾನೆ. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಹೋದ.

“ನೀವು ತೀರ್ಕೊಂಡೀರಿ ಅಂತ ಸುದ್ದಿ ಬಂತು. ಕಲ್ಲಿನ ಮ್ಯಾಲ ಹೆಸರು ನೋಡಿದೋರು ಹೇಳಿದ್ರು.”

“ಇಲ್ಲ.”

“ಭಾಳ ಸಂತೋಷ,” ಎಂದ. ಆದರೆ ಕಮಲಾಪುರದಿಂದ ಬಿಸಿಲಲ್ಲಿ ಬಸ್ಸು ಹಿಡಿದು ಬಂದವನ ಮುಖದಲ್ಲಿ ಸಂತೋಷ ಅಷ್ಟಾಗಿ ಕಾಣಲಿಲ್ಲ. ಕುಂದ್ರು ಎಂದು ಮಜ್ಜಿಗೆ ಕೊಟ್ಟೆ. ಹಾರವನ್ನು ಸುಗುಣಳ ಫೋಟೋಕ್ಕೆ ಹಾಕಿದೆವು. ಹೋಗುವಾಗ, ನಾನು ಕೆಲಸದಲ್ಲಿ ಎಷ್ಟು ಬೈದರೂ ಅವನ ಮಗಳ ಮದುವೆಗೆ ರಜೆ ಕೊಟ್ಟಿದ್ದನ್ನು ನೆನೆಸಿಕೊಂಡು ಬಸ್ಸಿನಲ್ಲಿ ಅತ್ತೆ ಎಂದ. ನನಗೆ ಆ ರಜೆ ನೆನಪಿಲ್ಲ.

ಮೇ 22

ಸಹಾಯಕ ಆಯುಕ್ತರ ಕಚೇರಿಗೆ ಹೋದೆ. ಗುಮಾಸ್ತರು ಅರ್ಜಿ ಓದಿದರು.

“ಯಾರ ಹೆಣ ಇದು?”

“ಗೊತ್ತಿಲ್ರಿ.”

“ತಗಿಸಾದು ಯಾಕ?”

“ಅಲ್ಲಿ ನಾ ಮಲಗಬೇಕ್ರಿ.”

ಅವರು ಕನ್ನಡಕ ತೆಗೆದು ನನ್ನನ್ನು ಪೂರ್ತಿ ನೋಡಿದರು. ಸತ್ತವನ ಮನೆಯವರ ಒಪ್ಪಿಗೆ ತಂದರೆ ಮುಂದಿನ ಮಾತು ಎಂದರು. ಮನೆಯವರು ಯಾರೆಂದು ಪೊಲೀಸರಿಗೂ ಗೊತ್ತಿಲ್ಲ. ಲಾರಿ ಮಾಲೀಕ ‘ಬೆನ್ನಿ’ ಎಂದಷ್ಟೇ ಹೇಳಿ ಕೈ ತೊಳೆದುಕೊಂಡಿದ್ದಾನೆ. ಸರಿ, ನಾನೇ ಹುಡುಕುತ್ತೇನೆ.

ಜೂನ್ 3

ಇಷ್ಟು ದಿನ ಸಂಡೂರು ರಸ್ತೆಯ ಧಾಬಾ, ಗ್ಯಾರೇಜು ಒಂದನ್ನೂ ಬಿಡದೆ ಅಲೆದೆ. ಬಿಳಿ ಅಂಗಿ ತೊಟ್ಟು ಹೋಗಿ ಕೆಂಪು ಅಂಗಿ ತೊಟ್ಟು ಬರುವುದು. ಈ ಅದಿರಿನ ಧೂಳಿಗೆ ನೀಲಿಯನ್ನೂ ಹಾಕಿ ನೋಡಿದೆ, ಹೋಗುವುದಿಲ್ಲ.

ಇವತ್ತು ಪಂಕ್ಚರ್ ಅಂಗಡಿಯ ಉಜ್ಜಿನಪ್ಪ ಸಿಕ್ಕ. ಬೆನ್ನಿ ಅಂದದ್ದೇ ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟ.

“ಭಾಳ ಛಲೋ ಹುಡುಗ ರೀ. ಝಾರ್ಖಂಡದವ. ಲೋಡ್ ಜಾಸ್ತಿ, ನಿದ್ದಿ ಕಮ್ಮಿ. ಟ್ರಿಪ್ಪಿನ ಮ್ಯಾಲ ಟ್ರಿಪ್ಪು ಹೊಡಸ್ತಿದ್ರು. ಇಗಾ, ಈ ಟೈರಿನ ಮ್ಯಾಲ ಕುಂತಲ್ಲೇ ನಿದ್ದಿ ಮಾಡ್ತಿದ್ದ. ಎಬ್ಬಸಾಕ ಮನಸ್ಸು ಬರ್ತಿರಲಿಲ್ಲ. ಎಬ್ಬಸ್ತಿದ್ದೆ. ಎಲ್ಲಿ ಮಣ್ಣು ಮಾಡಿದ್ರು ಅವನ್ನ?”

“ನನ್ನ ಗುಂಡಿಯಾಗ.”

ಪೂರ್ತಿ ಹೇಳಬೇಕಾಯಿತು. ಬೆನ್ನಿ ಪ್ರತಿ ಭಾನುವಾರ ಸಂಜೆ ಉಜ್ಜಿನಪ್ಪನ ಅಂಗಡಿಯ ಕಾಯಿನ್ ಫೋನಿನಿಂದ ತಮ್ಮೂರಿನ ಚರ್ಚಿಗೆ ಫೋನು ಮಾಡಿ ತಾಯಿಯ ಜೊತೆ ಮಾತಾಡುತ್ತಿದ್ದನಂತೆ. ನಂಬರ್ ಗೋಡೆಯ ಮೇಲೆ ಬರೆದಿದೆ. ಸುದ್ದಿಯನ್ನು ಮಾಲೀಕ ತಿಳಿಸಿರುತ್ತಾನೆ ಎಂದು ಉಜ್ಜಿನಪ್ಪ ಸುಮ್ಮನಿದ್ದನಂತೆ. ನಾಳೆ ಭಾನುವಾರ. ಅವನಿಗೆ ಹಿಂದಿ ಬರುತ್ತದೆ. ಒಪ್ಪಿಗೆ ಕೇಳಿಬಿಡುವುದು.

ಜೂನ್ 4

ಮಾಲೀಕ ತಿಳಿಸಿರಲಿಲ್ಲ.

ಒಂದೇ ರಿಂಗಿಗೆ ಫೋನು ಎತ್ತಿದರು. ಉಜ್ಜಿನಪ್ಪ ಹಲೋ ಅನ್ನುವ ಮೊದಲೇ ಆ ಕಡೆಯಿಂದ ಹೆಂಗಸಿನ ದನಿ, “ಬೆನ್ನಿ?” ಎಂದಿತು. ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು. ಎರಡು ತಿಂಗಳಿಂದ ಪ್ರತಿ ಭಾನುವಾರ ಆ ತಾಯಿ ಫೋನಿನ ಹತ್ತಿರ ಬಂದು ಕೂರುತ್ತಿದ್ದಳಂತೆ.

ಉಜ್ಜಿನಪ್ಪ ಫೋನು ನನ್ನ ಕೈಗೆ ಕೊಟ್ಟ. ನನಗೆ ಬರುವುದು ಕಾರ್ಖಾನೆಯ ಹಿಂದಿ. ಜಲ್ದಿ ಕರೋ, ಬಂದ್ ಕರೋ. ಎರಡೂ ಇಲ್ಲಿಗೆ ಹೊಂದುವ ಮಾತಲ್ಲ. ಫೋನು ವಾಪಸು ಕೊಟ್ಟೆ. ಅವನೇ ಹೇಳಿದ, ಅಳುತ್ತಲೇ ಹೇಳಿದ. ಆಮೇಲೆ ಎಲ್ಲಿಟ್ಟಿದ್ದೀರಿ ಎಂದು ಕೇಳಿದಳಂತೆ. ಹಿರಿಯರೊಬ್ಬರು ತಮಗಂತ ಬಂಡೆ ಕೊರೆಸಿ ಇಟ್ಟುಕೊಂಡಿದ್ದ ಜಾಗ ಕೊಟ್ಟಿದ್ದಾರೆ, ಅವರ ಹೆಂಡತಿಯ ಪಕ್ಕದಲ್ಲೇ ಇದ್ದಾನೆ ಎಂದ.

“ನಾ ಕೊಟ್ಟೀನಂತ ಯಾಕ ಹೇಳಿದಿ?” ಎಂದು ಆಮೇಲೆ ಜಗಳ ತೆಗೆದೆ.

“ಮತ್ತೇನು ಹೇಳ್ಲಿ ಯಜಮಾನ್ರ? ಗುಂಡಿ ತಪ್ಪಾತು ಅಂತ ಹೇಳ್ಲ್ಯಾ?”

ಭತ್ತದ ನಾಟಿ ಮುಗಿದ ಮೇಲೆ ಬರುತ್ತಾರಂತೆ. ಬಂದಾಗ ನಿಜ ನಾನೇ ಹೇಳುತ್ತೇನೆ.

ಒಪ್ಪಿಗೆ ಕೇಳುವುದು ಮರೆತುಹೋಯಿತು.

ಜೂನ್ 18

ಎಂದಿನಂತೆ ಸುಗುಣಳ ಸಮಾಧಿಯ ಧೂಳು ತೊಳೆದೆ. ನೆಲ ಇಳಿಜಾರಾದ್ದರಿಂದ ನೀರು ತಾನಾಗಿಯೇ ಆ ಕಡೆಗೂ ಹೋಗುತ್ತದೆ. ನಾನು ಹಾಕಿದ್ದಲ್ಲ.

ಜುಲೈ 16

ಮಳೆಗೆ ದಿಬ್ಬ ಕುಸಿದಿತ್ತು. ಗಾಳೆಪ್ಪನ ಕೈಯಲ್ಲಿ ಶೆಡ್ಡಿನ ಕಡಪ ಕಲ್ಲು ತರಿಸಿ ಸುತ್ತ ಕಟ್ಟೆ ಹಾಕಿಸಿದೆ. ಮಣ್ಣು ಹರಡಿದರೆ ಸುಗುಣಳ ಕಟ್ಟೆಗೂ ತಾಗುತ್ತದೆ, ಅದಕ್ಕೆ. ನನ್ನ ಹೆಸರಿನ ಕಲ್ಲನ್ನು ಕೀಳಿಸಿದೆ, ಅದಕ್ಕೆ ಹಾರ ತರುವವರ ಕಾಟ. ಶಿಲುಬೆಯ ಮೇಲೆ ಹೆಸರಿಲ್ಲದಿರುವುದು ಅಶಿಸ್ತು. ಉಜ್ಜಿನಪ್ಪನಿಂದ ಪೂರ್ತಿ ಹೆಸರು ತಿಳಿದುಕೊಂಡು ನಾನೇ ಬರೆದೆ: ಬೆನೆದಿಕ್ತ್ ತಿರ್ಕಿ. ಹಿಂದಿ ಅಕ್ಷರ ಬರದ್ದರಿಂದ ಕನ್ನಡದಲ್ಲಿ. ಅಕ್ಷರ ದುಂಡಗೆ ಬಂದಿವೆ.

“ತಗಿಸೋದಿದ್ರ ಇಷ್ಟೆಲ್ಲಾ ಯಾಕ್ರಿ?” ಎಂದ ಗಾಳೆಪ್ಪ. ನಿನ್ನ ಕೆಲಸ ನೋಡು ಎಂದೆ.

ಆಗಸ್ಟ್ 21

ಮನೆಯವರು ಸಿಕ್ಕಿದ್ದಾರೆಂದು ತಿಳಿಸಿದ್ದೆ, ಕಚೇರಿಯಿಂದ ಪರವಾನಗಿ ಕಾಗದ ಬಂತು. ಎಲ್ಲ ಆಗಿದೆ. ಕೆಳಗೆ ಮನೆಯವರ ಹೆಬ್ಬೆಟ್ಟೋ ಸಹಿಯೋ ಬಿದ್ದರೆ ಹೆಣ ತೆಗೆಸಬಹುದು. ಇವತ್ತೇ ಶಾಂತ ಕೂಸನ್ನು ಕರೆದುಕೊಂಡು ಬಂದಿದ್ದಳು, ಓದಿದಳು.

“ಅಪ್ಪಾ, ಮಗನ್ನ ನೋಡಾಕ ಅಷ್ಟ್ ದೂರದಿಂದ ಬರ್ತಾಳ ಆ ತಾಯಿ. ಆಕಿ ಮುಂದ ಇದನ್ನ ಹಿಡಿತಿ ಏನು?”

“ಹಿಡಿತೀನಿ. ನಿಮ್ಮವ್ವಗ ಮಾತು ಕೊಟ್ಟೀನಿ.”

ಕೂಸು ಕಾಗದ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿತು. ಬಿಡಿಸಿಕೊಂಡು ಬಿಸಿಲಿಗೆ ಒಣಹಾಕಿದೆ.

ಸೆಪ್ಟೆಂಬರ್ 17

ಇವತ್ತು ಬಂದರು. ತಾಯಿ ಸಾಲೋಮಿ, ಜೊತೆಗೆ ಅವಳ ಅಣ್ಣನ ಮಗ. ಗುಂತಕಲ್ಲಿನ ಕಡೆಯಿಂದ ಬರುವ ರೈಲಿನಲ್ಲಿ ಇಳಿದವರನ್ನು ಉಜ್ಜಿನಪ್ಪ ನೇರವಾಗಿ ಸ್ಮಶಾನಕ್ಕೆ ಕರೆತಂದ. ಪಾಸ್ಟರ್ ಇದ್ದರು, ಗಾಳೆಪ್ಪ ಇದ್ದ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದೆ.

ಸಣ್ಣ ಹೆಂಗಸು. ಕೆಂಪು ಅಂಚಿನ ಬಿಳಿ ಸೀರೆ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ದಿಬ್ಬದ ಪಕ್ಕ ಕೂತು, ಕೂಸು ಮಲಗಿಸುವವರ ಹಾಗೆ ಮಣ್ಣನ್ನು ಮೆಲ್ಲಗೆ ತಟ್ಟುತ್ತಿದ್ದಳು. ಬಹಳ ಹೊತ್ತು ತಟ್ಟಿದಳು. ಆಮೇಲೆ ಪಕ್ಕದ ಸಮಾಧಿ ತೋರಿಸಿ ಏನೋ ಕೇಳಿದಳು. ಅವಳ ಭಾಷೆ ಅಣ್ಣನ ಮಗನಿಗೆ ಬರುತ್ತದೆ, ಅವನ ಹಿಂದಿ ಉಜ್ಜಿನಪ್ಪನಿಗೆ. ಹೀಗೆ ಸುತ್ತಿಕೊಂಡು ನನಗೆ ಬಂತು. ಇವರು ಯಾರು? ನನ್ನ ಹೆಂಡತಿ ಎಂದೆ. ಅವಳು ಸುಗುಣಳ ಕಡೆ ತಿರುಗಿ ಕೂತು, ಅಂಗಳದಲ್ಲಿ ಇಬ್ಬರು ಹೆಂಗಸರು ಮಾತಾಡುವ ಹಾಗೆ ಮಾತಾಡತೊಡಗಿದಳು.

“ಏನಂತಾಳ?” ಎಂದೆ.

ಉಜ್ಜಿನಪ್ಪ ಕೇಳಿ ತಿಳಿದುಕೊಂಡು ಹೇಳಿದ. “ನಮ್ಮ ಹುಡುಗ ನಿದ್ದಿಯಾಗ ಕಾಲು ಝಾಡಸ್ತಾನ, ಸ್ವಲ್ಪ ತಡ್ಕೊಳವ್ವಾ ಅಂತಾಳ್ರಿ.”

ನನಗೆ ಅಳು ಬಂತು. ಸುಗುಣ ಹೋದ ದಿನವೂ ಹಾಗೆ ಅತ್ತವನಲ್ಲ. ಪಾಸ್ಟರ್ ಕರವಸ್ತ್ರ ಕೊಟ್ಟರು, ಅದೂ ಕೆಂಪಗಿತ್ತು. ಐದು ತಿಂಗಳಿಂದ ಸುಗುಣ ಒಬ್ಬಳೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವನಿರಲಿ ಎಂದು ಮನಸ್ಸಿನಲ್ಲೇ ಅವಳಿಗೆ ಹೇಳಿದೆ. ನಾನು ಅವನ ಆಚೆ ಪಕ್ಕಕ್ಕೆ ಬರುತ್ತೇನೆ.

ಅಷ್ಟರಲ್ಲಿ ಸಾಲೋಮಿ ಗಾಳೆಪ್ಪನ ಬಕೆಟ್ಟು ಕೇಳಿ ಇಸಿದುಕೊಂಡಿದ್ದಳು. ನೀರು ತಂದು ನನ್ನ ಮುಂದಿಟ್ಟು, ಸುಗುಣಳ ಕಟ್ಟೆ ತೋರಿಸಿ ಕೂರಲು ಹೇಳಿದಳು. ಮನೆಗೆ ಬಂದವರ ಕಾಲು ತೊಳೆಯುವುದು ಅವರ ಕಡೆಯ ಪದ್ಧತಿಯಂತೆ. ಇದು ಅವಳ ಮಗನ ಮನೆ, ನಾನು ಬಂದವನು. ಬ್ಯಾಡ, ಬ್ಯಾಡ ಎಂದೆ. ಆ ಮಾತನ್ನು ಉಜ್ಜಿನಪ್ಪ ದಾಟಿಸಲಿಲ್ಲ. ಬೈಬಲಿನಲ್ಲಿ ಬರುವ, ಗುರುವಿನ ಕೈಯಲ್ಲಿ ಕಾಲು ತೊಳೆಸಿಕೊಳ್ಳಲು ಒಪ್ಪದ ಶಿಷ್ಯನ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅವನಿಗೆ ಎಷ್ಟು ನಾಚಿಕೆಯಾಗಿತ್ತೆಂದು ಯಾವ ಪಾಸ್ಟರೂ ಹೇಳಿರಲಿಲ್ಲ. ನನ್ನ ಹಿಮ್ಮಡಿ ಒಡೆದಿವೆ, ಬಿರುಕಿನಲ್ಲಿ ಅದಿರು ಕೂತಿದೆ. ಅವಳು ಬಲಗಾಲು ಹಿಡಿದು, ನೀರು ಹಾಕಿ, ಬೆರಳಿನ ಸಂದಿ ಸಹ ಬಿಡದೆ ತೊಳೆದು ಸೆರಗಿನಲ್ಲಿ ಒರೆಸಿದಳು. ತೊಳೆಯುತ್ತಾ ಏನೋ ಹೇಳುತ್ತಿದ್ದಳು. ಜಾಗ ಕೊಟ್ಟವನನ್ನು ದೇವರು ಚೆನ್ನಾಗಿಡಲಿ ಎಂದು.

ನನ್ನಿಂದ ತಡೆಯಲಾಗಲಿಲ್ಲ.

“ಉಜ್ಜಿನಪ್ಪಾ, ಆಕಿಗೆ ಹೇಳು. ನಾ ಕೊಟ್ಟಿಲ್ಲ. ನನಗ ತಿಳೀದಂಗ ಹಾಕಿದ್ರು. ನಾ ಅವನ್ನ ತಗಿಸಾಕ ಓಡಾಡೀನಿ. ಕಾಗದ ಇಲ್ಲೇ ಜೇಬಿನ್ಯಾಗ ಐತಿ, ಅದನ್ನೂ ಹೇಳು.”

“ಬ್ಯಾಡ್ರಿ ಯಜಮಾನ್ರ.”

“ಹೇಳಲೇ.”

ಹೇಳಿದ. ಅಣ್ಣನ ಮಗ ನನ್ನನ್ನು ದುರುಗುಟ್ಟಿ ನೋಡಿ, ತಡೆದು, ಅವಳಿಗೆ ಹೇಳಿದ. ಪಾಸ್ಟರ್ ನೆಲ ನೋಡುತ್ತಿದ್ದರು. ಅವಳು ಕೈಯನ್ನು ನೀರಿನಲ್ಲೇ ಬಿಟ್ಟು ಪೂರ್ತಿ ಕೇಳಿದಳು. ನನ್ನ ಮುಖ ನೋಡಿದಳು. ಎದ್ದು ಹೋಗುತ್ತಾಳೆ ಎಂದುಕೊಂಡೆ, ಹೋದರೆ ನ್ಯಾಯವೇ ಎಂದೂ ಅಂದುಕೊಂಡೆ. ಆಮೇಲೆ ಏನೋ ಒಂದು ಮಾತು ಹೇಳಿದಳು, ಚಿಕ್ಕದು. ಅದು ಅಣ್ಣನ ಮಗನಿಂದ ಉಜ್ಜಿನಪ್ಪನಿಗೆ ಬಂತು. ಉಜ್ಜಿನಪ್ಪ ನನ್ನ ಕಡೆ ತಿರುಗಿದ.

“ಇನ್ನೊಂದು ಕಾಲು ಕೊಡ್ರಿ ಅಂತಾಳ.”

ಕೊಟ್ಟೆ.